ನಮ್ಮ ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳೋಕೆ ಇವರು ಯಾರು?

ನಿನ್ನೆ ರಾತ್ರಿ ಅಕ್ಕನ ಮಗಳು ಫೋನ್ ಮಾಡಿದ್ದಳು. ದನಿ ನಡುಗುತ್ತಿತ್ತು. "ಮಾಮ, ಸಿಇಟಿಯಲ್ಲಿ ಅಗ್ರಿ ಸೀಟು ಬಂದಿದೆ. ಆದ್ರೆ ಈಗ ಡಿಗ್ರಿಗೆ ಸೇರಿರೋ ಕಾಲೇಜಿನವ್ರು ಮಾರ್ಕ್ಸ್ ಕಾರ್ಡ್ ಕೊಡ್ತಿಲ್ಲ. ಮೂರು ವರ್ಷದ ಫೀಸು ಪೂರ್ತಿ ಕಟ್ಟಿ ತಗೊಂಡ್ಹೋಗು ಅಂತಿದಾರೆ."

2014ರಲ್ಲಿ ನನಗೆ ಹೇಳಿದ್ದೂ ಇದೇ ಮಾತು. ಬೇರೆ ಊರು, ಬೇರೆ ಕಾಲೇಜು, ಮಾತು ಮಾತ್ರ ಅದೇ. ರಾತ್ರಿಯಿಂದ ಹೊಟ್ಟೆ ಉರಿಯುತ್ತಿದೆ.

ಆ ವರ್ಷ ನನ್ನ ರ‍್ಯಾಂಕ್ ದೂರ ಇತ್ತು. ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮ ಕೋಟಾ ಎರಡೂ ಇದ್ದವು. ಒಂದರಿಂದ ಹತ್ತರವರೆಗೆ ಓದಿದ್ದಕ್ಕೆ ಹೆಡ್ ಮೇಷ್ಟ್ರ ಸಹಿ, ಅದರ ಮೇಲೆ ಬಿಇಒ ಸಹಿ, ನಾಡಕಚೇರಿಯಿಂದ ಜಾತಿ-ಆದಾಯ ಪತ್ರ, ಎಲ್ಲ ಅಲೆದಾಡಿ ಮಾಡಿಸಿದ್ದೆ. ಆದರೂ ಸೀಟು ಸಿಗುತ್ತೆ ಅನ್ನೋ ಧೈರ್ಯ ಇರಲಿಲ್ಲ. ಡಿಗ್ರಿ ಅಡ್ಮಿಷನ್ ಮುಗಿದುಬಿಟ್ಟರೆ ಒಂದು ವರ್ಷ ಸುಮ್ನೆ ಮನೆಯಲ್ಲಿ ಕೂರಬೇಕು. ಹಾಗಾಗಿ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ದಾಖಲೆ ಪರಿಶೀಲನೆ ಮುಗಿಸಿ ಬಂದವನು ತಾಲ್ಲೂಕಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿದೆ.

ಕ್ಲರ್ಕ್ ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ ಮೂರನ್ನೂ ಕೇಳಿ ತೆಗೆದುಕೊಂಡರು. ನೋಡಿ ವಾಪಸ್ ಕೊಡುತ್ತಾರೆ ಅಂದುಕೊಂಡೆ. ಅವರು ಮೂರನ್ನೂ ಒಟ್ಟಿಗೆ ಜೋಡಿಸಿ ಪಂಚಿಂಗ್ ಮಷಿನ್‌ಗೆ ಇಟ್ಟು ಕಟಕ್ ಅಂತ ಒತ್ತಿದರು. ಎರಡು ತೂತು. ದಾರ ಪೋಣಿಸಿ ಫೈಲಿಗೆ ಕಟ್ಟಿ ಬೀರುವಿಗೆ ಹಾಕಿದರು. ನನ್ನ ಹುಟ್ಟಿದ ದಿನಾಂಕಕ್ಕೆ ಇದ್ದ ಒಂದೇ ಗಟ್ಟಿ ದಾಖಲೆ ಆ ಎಸ್ಸೆಸ್ಸೆಲ್ಸಿ ಕಾರ್ಡು. ಆ ತೂತು ಇವತ್ತಿಗೂ ಇದೆ. ಅದನ್ನು ಎಲ್ಲಿ ಕೊಟ್ಟರೂ ಒಮ್ಮೆ ತಿರುಗಿಸಿ ನೋಡುತ್ತಾರೆ.

ಜುಲೈನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಸೀಟು ಬಂತು. ವರದಿ ಮಾಡಿಕೊಳ್ಳಲು ಮೂರು ದಿನ ಉಳಿದಿತ್ತು. ಮೊದಲ ದಿನ ಹೋದರೆ ಪ್ರಿನ್ಸಿಪಾಲರು ಇಲ್ಲ, ನಾಳೆ ಬಾ ಅಂದರು. ಎರಡನೇ ದಿನ ಅಪ್ಪನೂ ಬಂದ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಕೂರಿ ಅನ್ನಲಿಲ್ಲ. ಕೊನೆಗೆ ಒಳಗೆ ಕರೆದು ಹೇಳಿದ್ದು ಒಂದೇ ಮಾತು: "ನಿಮ್ಮ ಹುಡುಗ ಹೋದ್ರೆ ನಮ್ಗೆ ಸೀಟು ಖಾಲಿ ಬೀಳುತ್ತೆ. ಮೂರು ವರ್ಷದ್ದು ಕಟ್ಟಿ." ಅಪ್ಪ ಕೈ ಮುಗಿದ. ಯಾರ ಹತ್ತಿರವೂ ಕೈ ಚಾಚದೆ ಬದುಕಿದ ಮನುಷ್ಯ ಅವನು. ನನ್ನ ಸ್ವಂತ ಮಾರ್ಕ್ಸ್ ಕಾರ್ಡಿಗೆ ಅವನು ಯಾಕೆ ಕೈ ಮುಗಿಯಬೇಕಿತ್ತು?

ಮನೆಯ ಅಟ್ಟದ ಮೇಲೆ ಕಾಯಿ ಇತ್ತು. ಕೊಬ್ಬರಿ ಆಗೋಕೆ ಇನ್ನೂ ನಾಲ್ಕೈದು ತಿಂಗಳು ಬೇಕಿತ್ತು. ಅವತ್ತು ಸಂಜೆಯೇ ಅಪ್ಪ ಅದನ್ನು ಅರ್ಧಂಬರ್ಧ ರೇಟಿಗೆ ಕೊಟ್ಟ. ಸಾಲದೆ ಅಮ್ಮನ ಓಲೆಯೂ ಹೋಯಿತು. ಓಲೆ ಬಿಡಿಸಿಕೊಳ್ಳೋಕೆ ಎರಡು ವರ್ಷ ಹಿಡಿಯಿತು. ನಾನು ಆ ಕಾಲೇಜಿನಲ್ಲಿ ಒಂದು ದಿನವೂ ಪಾಠ ಕೇಳಿರಲಿಲ್ಲ.

ಆಗ ನಮಗೆ ಕಾನೂನು ಗೊತ್ತಿರಲಿಲ್ಲ. ಈಗ ಗೊತ್ತಿದೆ. 2018ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಸ್ಪಷ್ಟವಾಗಿ ಹೇಳಿದೆ: ಮೂಲ ದಾಖಲೆಯನ್ನು ವಿದ್ಯಾರ್ಥಿಯ ಎದುರಿಗೇ ನೋಡಿ ಅಲ್ಲೇ ವಾಪಸ್ ಕೊಡಬೇಕು, ಕಾಲೇಜು ಇಟ್ಟುಕೊಳ್ಳುವುದು ಜೆರಾಕ್ಸ್ ಮಾತ್ರ. ಫೀಸಿಗೂ ಲೆಕ್ಕ ಹಾಕಿಕೊಟ್ಟಿದೆ. ಅಡ್ಮಿಷನ್ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಹಣ ವಾಪಸ್. ಅದರಲ್ಲಿ ಕಚೇರಿ ಖರ್ಚಿಗೆ ಅಂತ ಹಿಡಿದುಕೊಳ್ಳಬಹುದಾದದ್ದು ಹೆಚ್ಚೆಂದರೆ ಶೇ. 5, ಅದೂ 5,000 ರೂಪಾಯಿ ದಾಟಬಾರದು. ಕೊನೆಯ ದಿನ ಕಳೆದು 15 ದಿನದೊಳಗೆ ಬಿಟ್ಟರೂ ಶೇ. 80 ಕೊಡಬೇಕು. ಮುಂದಿನ ಎರಡು ವರ್ಷದ ಫೀಸು ಕೇಳೋ ಮಾತು ಅದರಲ್ಲಿ ಎಲ್ಲೂ ಇಲ್ಲ.

ನಮ್ಮ ಹುಡುಗಿ ಇದನ್ನು ಮೊಬೈಲ್‌ನಲ್ಲಿ ತೋರಿಸಿದ್ದಾಳೆ. "ಅದೆಲ್ಲ ಬೆಂಗಳೂರಿನ ದೊಡ್ಡ ಕಾಲೇಜುಗಳಿಗಮ್ಮ" ಅಂದರಂತೆ ಆಫೀಸಿನಲ್ಲಿ. ಹದಿನೆಂಟು ವರ್ಷದ ಹುಡುಗಿ ಎದುರು ಹೀಗೆ ಹಸಿ ಸುಳ್ಳು ಹೇಳೋಕೆ ಮನಸ್ಸಾದರೂ ಹೇಗೆ ಬರುತ್ತೆ? ಓದಿಸೋಕೆ ಅಂತ ಬಾಗಿಲು ತೆಗೆದು ಕೂತವರಲ್ವಾ ಇವರು? ಅವರಿಗೆ ಚೆನ್ನಾಗಿ ಗೊತ್ತು, ಹಳ್ಳಿಯವರು ಹೆದರುತ್ತಾರೆ, ಗಡುವು ಹತ್ತಿರ ಬಂದಾಗ ಎಲ್ಲಿಂದಲಾದರೂ ದುಡ್ಡು ತರುತ್ತಾರೆ ಅಂತ. ದೂರು ಕೊಟ್ಟು ಉತ್ತರ ಬರುವಷ್ಟರಲ್ಲಿ ಸೀಟು ಕೈ ತಪ್ಪಿರುತ್ತದೆ. ಇವರ ಧೈರ್ಯವೆಲ್ಲ ಆ ನಾಲ್ಕು ದಿನದ ಮೇಲೆ ನಿಂತಿದೆ.

ಅಕ್ಕ ಬೆಳಿಗ್ಗೆ ಕೇಳಿದಳು, "ಬಳೆ ಇಟ್ಟುಬಿಡ್ಲೇನೋ, ಸುಮ್ನೆ ಜಗಳ ಯಾಕೆ?" ಬೇಡ ಅಂದೆ. ನಾಳೆ ಸಂಜೆ ಐದೂವರೆಗೆ ಗಡುವು. ಯುಜಿಸಿ ಸುತ್ತೋಲೆಯ ಮೂರು ಪ್ರತಿ ತೆಗೆಸಿ ಇಟ್ಟಿದ್ದೇನೆ. ಒಂದು ಪ್ರಿನ್ಸಿಪಾಲರ ಟೇಬಲ್ಲಿಗೆ, ಒಂದು ವಿಶ್ವವಿದ್ಯಾಲಯಕ್ಕೆ, ಇನ್ನೊಂದು ಪೊಲೀಸ್ ಸ್ಟೇಷನ್ನಿಗೆ. ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ. ಅಪ್ಪ ತಾನೂ ಬರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಕರೆದುಕೊಂಡು ಹೋಗುತ್ತೇನೆ, ಈ ಸಲ ಅವನನ್ನು ಕುರ್ಚಿ ಮೇಲೆ ಕೂರಿಸಿಯೇ ಮಾತು ಶುರು ಮಾಡುವುದು.