ಅಡಿಕೆ ಸುಲಿತದ ಕೂಲಿಯನ್ನು ಗಂಟೆಯಲ್ಲಿ ಎಣಿಸಿ

ಅಡಿಕೆ ಗೊನೆಯ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈ ಮಾತು ಕೇಳಿಬರುತ್ತದೆ: "ಸುಲಿಯೋ ಹೆಂಗಸರಿಗೆ ಈಗ ತೋಟದ ಗಂಡಾಳಿಗಿಂತ ಜಾಸ್ತಿ ಸಿಗುತ್ತೆ." ಕೂಲಿಯ ಸರ್ವೆಗೆ ಬಂದವರೂ ಇದನ್ನೇ ಬರೆದುಕೊಂಡು ಹೋದರೆ ಸಂಕಟವಾಗುತ್ತದೆ.

ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ಗಂಡಾಳಿಗೆ 8 ಗಂಟೆಗೆ 600 ರೂಪಾಯಿ, ಅಂದರೆ ಗಂಟೆಗೆ 75. ಸುಲಿಯುವವಳಿಗೆ ದಿನಗೂಲಿಯಲ್ಲ, ಸುಲಿದ ಡಬ್ಬಕ್ಕಿಷ್ಟು ಅಂತ ಕೂಲಿ; ಆ ದಿನ 720 ಬಂತು. ಬೆಳಗ್ಗೆ 7ಕ್ಕೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವಳು ಎದ್ದದ್ದು ರಾತ್ರಿ 9ಕ್ಕೆ. ಊಟ ತಿಂಡಿಗೆ 2 ಗಂಟೆ ಕಳೆದರೂ 12 ಗಂಟೆ ದುಡಿಮೆ, ಗಂಟೆಗೆ 60. ಅದೇ 720ಕ್ಕೆ ಅತ್ತೆಯೂ 3 ಗಂಟೆ ಕೈ ಹಾಕಿದ್ದರೆ ಒಟ್ಟು 15 ಗಂಟೆ, ಗಂಟೆಗೆ 48. ದಿನದ ಲೆಕ್ಕದಲ್ಲಿ ಮುಂದಿದ್ದವಳು ಗಂಟೆಯ ಲೆಕ್ಕದಲ್ಲಿ ಎಷ್ಟು ಹಿಂದೆ ಬಿದ್ದಳು ನೋಡಿ.

ಹಾಗಾಗಿ ಸರ್ವೆಗೆ ಹೋದಾಗ "ದಿನಕ್ಕೆ ಎಷ್ಟು ಕೂಲಿ" ಅಂತ ಕೇಳಲೇಬೇಡಿ. ನಿನ್ನೆ ಎಷ್ಟು ಡಬ್ಬ ಆಯಿತು, ಯಾವಾಗ ಕೂತಿರಿ, ಯಾವಾಗ ಎದ್ದಿರಿ, ಜೊತೆಗೆ ಯಾರಿದ್ದರು ಅಂತ ಕೇಳಿ. ಹೊತ್ತು ನೆನಪಿಲ್ಲ ಅಂದರೆ ಡೇರಿಗೆ ಹಾಲು ಹಾಕುವ ಮುಂಚೆಯೋ ಆಮೇಲೋ, ಕೊನೇ ಬಸ್ಸು ಹೋಗಿತ್ತೋ ಇಲ್ಲವೋ ಅಂತ ವಿಚಾರಿಸಿ. ನಡುವೆ ಎದ್ದ ಹೊತ್ತನ್ನೂ ಬಿಡಬೇಡಿ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಸುಲಿತ ನಡೆಯುವುದು ಈ ಕೆಲಸದ ಸಂದಿನಲ್ಲೇ.

ಡಬ್ಬವನ್ನೂ ಕಣ್ಣಾರೆ ನೋಡಬೇಕು. ಬಾಯಿಮಟ್ಟಕ್ಕೆ ತುಂಬುವ ಡಬ್ಬ, ಮೇಲೆ ರಾಶಿ ಬರುವಂತೆ ತುಂಬುವ ಡಬ್ಬ ಎರಡೂ ಒಂದಲ್ಲ. ಕಾಯಿ ಸಣ್ಣದಾದರೆ ಅದೇ ಡಬ್ಬಕ್ಕೆ ಹೆಚ್ಚು ಕಾಯಿ ಸುಲಿಯಬೇಕು. ಒಂದು ಮನೆಯಲ್ಲಿ ಡಬ್ಬದ ಲೆಕ್ಕ, ಇನ್ನೊಂದರಲ್ಲಿ ಕೆಜಿ ಲೆಕ್ಕ ಇದ್ದರೆ, ಎರಡನ್ನೂ ಗಂಟೆಗೆ ಇಳಿಸದೆ ಸರಾಸರಿ ತೆಗೆಯುವುದು ತಪ್ಪು.

ಯಾವ ವಾರ ಹೋದಿರಿ ಅನ್ನುವುದೂ ಮುಖ್ಯ. ಕೊಯ್ದ ಕಾಯಿ ಬಾಡುವ ಮುಂಚೆ ಸುಲಿದು ಬೇಯಿಸಬೇಕು, ಅದಕ್ಕೇ ಕೊಯ್ಲಿನ ವಾರ ದುಡಿಮೆ ಮಿತಿಮೀರುತ್ತದೆ. ಕೊಯ್ಲು ಮುಗಿದ ಮೇಲೆ ಈ ಭರ ಇರುವುದಿಲ್ಲ. ಉದ್ಯೋಗ, ನಿರುದ್ಯೋಗ ಅಳೆಯುವ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿಯೇ. ಅದೇ ಸಮೀಕ್ಷೆ ದಿನವಾರು ಗಂಟೆಗಳನ್ನೂ ಬರೆದುಕೊಳ್ಳುತ್ತದೆ; ಶೇಕಡಾವಾರು ನಿರುದ್ಯೋಗವನ್ನಷ್ಟೇ ಓದಿ ಆ ಗಂಟೆಗಳ ಕಾಲಮ್ಮನ್ನು ಮುಟ್ಟದಿರುವುದು ಅಂಕಿಅಂಶ ಓದುವ ನಮ್ಮವರ ದೊಡ್ಡ ಲೋಪ.

ಗಂಟೆ ಗೊತ್ತಿದ್ದರೆ ಕಾನೂನಿನ ಮಾತನ್ನೂ ಆಡಬಹುದು. 1948ರ ಕನಿಷ್ಠ ವೇತನ ಕಾಯ್ದೆಯ 17ನೇ ಕಲಮೇ ಹೇಳಿತ್ತು: ಕಾಯ್ದೆಯ ಪಟ್ಟಿಯಲ್ಲಿರುವ ಉದ್ಯೋಗದಲ್ಲಿ ಮಾಡಿದಷ್ಟಕ್ಕೆ ಕೂಲಿ ಅನ್ನುವ ಕೆಲಸಕ್ಕೆ ಬೇರೆ ಕನಿಷ್ಠ ದರ ಗೊತ್ತುಮಾಡಿಲ್ಲದಿದ್ದರೆ, ಸಮಯದ ಲೆಕ್ಕದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ.