ಕುಟುಂಬಕ್ಕೆ ಸ್ವಾಗತ, ಕ್ಯೂಆರ್ ಕೋಡ್ ಕೆಳಗಿದೆ

ಮಲೆನಾಡಿನಲ್ಲಿ ಈಗ ಐನೂರು ರೂಪಾಯಿ ದಾನ ಕೊಡುವವನು ಎರಡು ಸಲ ಯೋಚಿಸಬೇಕು. ದುಡ್ಡು ಹೋದರೆ ಹೋಗಲಿ, ಅದರ ಬೆನ್ನಿಗೇ ಒಂದು ಸಂಬಂಧ ಅಂಟಿಕೊಳ್ಳುತ್ತದೆ.

ಹೊಸನಗರದ ಕಡೆಯ ನಮ್ಮ ದೊಡ್ಡಪ್ಪನಿಗೆ ಅಂಟಿಕೊಂಡಿದೆ. ಶಾಲೆಗಳಿಗೆ ಪುಸ್ತಕ ಕೊಡಿಸುತ್ತೇವೆ ಎಂದ ಸಂಸ್ಥೆಯೊಂದಕ್ಕೆ ಅವರು ಫೋನಿನಲ್ಲಿ ದುಡ್ಡು ಹಾಕಿದ್ದು ಒಂದೇ ಸಲ. ರಸೀದಿಗೆ ಬೇಕೆಂದು ಪ್ಯಾನ್ ನಂಬರಿನ ಜೊತೆಗೆ ಹುಟ್ಟಿದ ತಾರೀಖನ್ನೂ ಬರೆಸಿಕೊಂಡರು. ಅಂದಿನಿಂದ ಅವರು ‘ನಮ್ಮ ಕುಟುಂಬದ ಸದಸ್ಯರು’. ಬೆಂಗಳೂರಿನಲ್ಲಿರುವ ಸ್ವಂತ ಮಗ ವಾರಕ್ಕೊಮ್ಮೆ ಫೋನ್ ಮಾಡಿದರೆ ಹೆಚ್ಚು. ಈ ಕುಟುಂಬದ್ದು ದಿನಕ್ಕೊಂದು ಮೆಸೇಜು. ಸೋಮವಾರ ಸುಭಾಷಿತ, ಬುಧವಾರ ಕ್ಯೂಆರ್ ಕೋಡ್, ಹಬ್ಬದ ದಿನ ಎರಡೂ. ಉಳಿದ ಹೊತ್ತು ಸಿಗದ ನೆಟ್‌ವರ್ಕ್ ಇದಕ್ಕೆ ಮಾತ್ರ ಎಲ್ಲಿಂದಲೋ ಬಂದುಬಿಡುತ್ತದೆ.

ಮೆಸೇಜಿನ ಹೊತ್ತೂ ವಿಶೇಷವೇ. ಆಷಾಢದ ಮಳೆ ಚೂರು ಹೊಳವಾಗಿದೆ, ಅಂತೂ ಅಡಿಕೆ ಮರ ಹತ್ತುವ ಕೊನೆಗಾರ ಸಿಕ್ಕಿದ್ದಾನೆ, ಇವತ್ತು ಮೈಲುತುತ್ತು–ಸುಣ್ಣ ಕಲಸಿ ಬೋರ್ಡೋ ಮದ್ದು ಹೊಡೆಸದಿದ್ದರೆ ಕೊಳೆರೋಗ ಬಂದು ಫಸಲೇ ಉದುರುತ್ತದೆ ಎನ್ನುವಾಗ ಜೇಬು ಕುಯ್ಯೆನ್ನುತ್ತದೆ: ‘ಪ್ರೀತಿಯ (ದಾನಿಯ ಹೆಸರು) ಅವರೇ, ನೀವು ನಮಗೆ ಎಷ್ಟು ಮುಖ್ಯ ಗೊತ್ತೇ?’ ಎಷ್ಟು ಮುಖ್ಯವೆಂದರೆ, ಹೆಸರು ತುಂಬುವುದೇ ಮರೆತುಹೋಗಿದೆ.

ಆಮೇಲೆ ‘ದಾನಿ ಸಂಬಂಧ ಅಧಿಕಾರಿ’ಯ ಫೋನು.

“ಸರ್, ನಿಮ್ಮಿಂದ ತುಂಬಾ ಬದಲಾವಣೆ ಆಗಿದೆ!”

“ಹೌದಾ? ಯಾವ ಶಾಲೆಗೆ ಪುಸ್ತಕ ಕೊಟ್ರಿ ಮಾರಾಯ್ತಿ?”

“ಸರ್, ತಿಂಗಳಿಗೆ ಐನೂರು ತಾನಾಗೇ ಕಟ್ ಆಗೋ ಹಾಗೆ ಮಾಡಿದ್ರೆ ವಿವರವಾದ ವರದಿ ಬರತ್ತೆ.”

ಬರಬೇಕಾದ್ದು ಬೇರೆಯೇ ಇತ್ತು. 80ಜಿ ನೋಂದಣಿ, ಅಂದರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವಂಥ ನೋಂದಣಿ, ಇರುವ ಸಂಸ್ಥೆ ವರ್ಷದ ದಾನದ ಲೆಕ್ಕವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಒಪ್ಪಿಸಿ, ದಾನಿಗೆ 10ಬಿಇ ಎಂಬ ದಾನದ ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ರಿಯಾಯಿತಿ ಕೇಳುವುದು ಕಷ್ಟ. ಇನ್ನು ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ರಿಯಾಯಿತಿಯೇ ಇಲ್ಲ. 2,000 ರೂಪಾಯಿ ಮೀರಿ ನಗದು ಕೊಟ್ಟವರಿಗೂ ಇಲ್ಲ. ಮೆಸೇಜಿನಲ್ಲಿ ಮಾತ್ರ ‘ತೆರಿಗೆ ಉಳಿಸಿ’ ಎಂದು ದಪ್ಪಕ್ಷರ.

ದೊಡ್ಡಪ್ಪನ ಹುಟ್ಟಿದ ದಿನ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜೂನ್ 1. ಮೇ 31ಕ್ಕೆ ಪ್ರಮಾಣಪತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೇ ಕೇಕಿನ ಚಿತ್ರ ಬಂತು, ಮೇಣದಬತ್ತಿಯ ಪಕ್ಕದಲ್ಲಿ ಕ್ಯೂಆರ್ ಕೋಡ್. ಅವರ ಹುಟ್ಟುಹಬ್ಬವನ್ನು ಜನ್ಮದಲ್ಲಿ ಮೊದಲ ಸಲ ಆಚರಿಸಿದ ಕೀರ್ತಿ ಸಂಸ್ಥೆಗೇ ಸಲ್ಲಬೇಕು.

ನಮ್ಮೂರ ದೇವಸ್ಥಾನದ ಸಮಿತಿಯವರಿಗೆ ಈ ಸಂಬಂಧದ ವಿದ್ಯೆ ಏನೇನೂ ತಿಳಿಯದು. ವರ್ಷಕ್ಕೊಮ್ಮೆ ಬಂದು ಜಗಲಿಯಲ್ಲಿ ಕೂತು, ಕವಳ ಹಾಕಿ, ರಾಶಿ ಅಡಿಕೆಯ ಧಾರಣೆ ಮಾತಾಡಿ, ಕಾರ್ಬನ್ ಇಟ್ಟು ರಸೀದಿ ಹರಿದುಕೊಡುತ್ತಾರೆ. ಜಾತ್ರೆ ಮುಗಿದ ಮೇಲೆ ಖರ್ಚಿನ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಾರೆ: ಶಾಮಿಯಾನ, ಮೈಕು, ಅಕ್ಕಿ, ಬೆಲ್ಲ. ಬೆಲ್ಲದ ಸಾಲಿನ ಮೇಲೆ ಬೆರಳಿಟ್ಟು “ಇಷ್ಟು ಬೆಲ್ಲ ಯಾರು ತಿಂದ್ರಾ?” ಅಂತ ಒಬ್ಬ ಎದ್ದು ನಿಲ್ಲುತ್ತಾನೆ. ಅರ್ಧ ದಿನ ಜಗಳ. ಹಾಗೆ ಜಗಳವಾಡಿದವನೇ ಮುಂದಿನ ವರ್ಷ ಐನೂರರ ಜಾಗದಲ್ಲಿ ಸಾವಿರ ಬರೆಸುತ್ತಾನೆ, ಕೇಳುವ ಹಕ್ಕು ಇರಲಿ ಅಂತ.

ಈ ಗುಟ್ಟು ಸಂಸ್ಥೆಯವರ ಕಿವಿಗೆ ಬೀಳದಿರಲಿ. ಬಿದ್ದರೆ ಅವರು ಬೆಲ್ಲದ ಲೆಕ್ಕವನ್ನಂತೂ ಕೊಡುವುದಿಲ್ಲ. ‘ದಾನಿ ಜಗಳ ಅಧಿಕಾರಿ’ ಅಂತ ಒಬ್ಬರನ್ನು ನೇಮಿಸಿ, ಅವರ ಸಂಬಳಕ್ಕೆ ಕೈಜೋಡಿಸಿ ಎಂದು ನಮಗೇ ಮೆಸೇಜು ಹಾಕುತ್ತಾರೆ.