ತೂಗಿದರೆ ಸಾಲದು, ಅಲ್ಲಾಡಿಸಿಯೂ ನೋಡಬೇಕು

ಅಪ್ಪನ ಮಂಚದ ಪಕ್ಕ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ದಿನಾ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದು, ಏನನ್ನೂ ತಿಂದು ಕುಡಿಯುವ ಮೊದಲು, ತೂಕದ ಯಂತ್ರದ ಮೇಲೆ ನಿಂತು ಕಂಡ ಅಂಕಿಯನ್ನು ಅದರಲ್ಲಿ ಬರೆಯುತ್ತಾರೆ. ಹೃದಯ ಸೋತಿದೆ, ರಕ್ತವನ್ನು ಸರಿಯಾಗಿ ಪಂಪ್ ಮಾಡುತ್ತಿಲ್ಲ ಅಂತ ಗೊತ್ತಾದ ದಿನ ವೈದ್ಯರು ಮಾತ್ರೆಗಳ ಜೊತೆ ಹಚ್ಚಿಕೊಟ್ಟ ಅಭ್ಯಾಸ ಇದು. "ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಕಾಯಬೇಡಿ, ಫೋನ್ ಮಾಡಿ" ಅಂದಿದ್ದರು. ಕಳೆದ ವರ್ಷ ಒಮ್ಮೆ ಹಾಗೇ ಆಯಿತು. ಸೋಮವಾರ 64.0. ಮಂಗಳವಾರ 64.9. ಬುಧವಾರ 65.5. ಗುರುವಾರ 66.3. ಅಪ್ಪನಿಗೆ ಉಸಿರು ಕಟ್ಟಿರಲಿಲ್ಲ, ಪಾದ ಊದಿರಲಿಲ್ಲ. "ಚೆನ್ನಾಗೇ ಇದ್ದೀನಲ್ಲೋ, ಅವರಿಗೆ ಯಾಕೆ ತೊಂದರೆ ಕೊಡ್ತೀಯ" ಅಂದರು. ನಾನು ಫೋನ್ ಮಾಡಿದೆ. ಮೂರೇ ದಿನದಲ್ಲಿ ಎರಡೂಕಾಲು ಕೆ.ಜಿ. ಕೊಬ್ಬನ್ನೋ ಸ್ನಾಯುವನ್ನೋ ಯಾರ ದೇಹವೂ ಕಟ್ಟಿಕೊಳ್ಳಲಾರದು. ಅಷ್ಟು ಬೇಗ ಏರುವುದು ನೀರು ಮಾತ್ರ, ಲೀಟರಿಗೆ ಒಂದು ಕೆ.ಜಿ. ಲೆಕ್ಕದಲ್ಲಿ. ವೈದ್ಯರು ಮೂತ್ರದ ಮಾತ್ರೆ ಹೆಚ್ಚಿಸಿದರು. ಮುಂದಿನ ವಾರಕ್ಕೆ ಅಂಕಿ ಮತ್ತೆ ಅರವತ್ನಾಲ್ಕಕ್ಕೆ ಇಳಿಯಿತು, ಆಸ್ಪತ್ರೆ ಸೇರುವುದು ತಪ್ಪಿತು.

ನಾನು ಯಂತ್ರಗಳ ಕಂಪನ ಅಳೆಯುವ ಕೆಲಸದವನು. ಇಪ್ಪತ್ತು ವರ್ಷದಿಂದ ದ್ರವ್ಯರಾಶಿ (ಇಂಗ್ಲಿಷಿನ 'ಮಾಸ್') ಅನ್ನುವುದು ನನಗೆ ದಿನದ ಅನ್ನದ ಹಾಗೆ. ಆದರೂ ಅದು ನನ್ನ ಕಂಪ್ಯೂಟರ್ ಪರದೆಯಿಂದ ಎದ್ದು ಬಂದು ಅಪ್ಪನ ನೋಟ್‌ಬುಕ್ಕಿನಲ್ಲಿ ಕೂತಿದ್ದನ್ನು ಕಂಡ ಮೇಲೆಯೇ, ನಮ್ಮ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸಂಶೋಧನೆ ಎರಡೂ ಇದೊಂದು ಪರಿಕಲ್ಪನೆಯನ್ನು ಎಷ್ಟು ಆಳದಲ್ಲಿ ಹಂಚಿಕೊಂಡಿವೆ ಅಂತ ಹುಡುಕಿಕೊಂಡು ಓದಲು ಶುರು ಮಾಡಿದ್ದು.

ನನ್ನ ತಕರಾರು ಮೊದಲು ಪದದ ಮೇಲೆ. 'ರಾಶಿ' ಅಂದ ತಕ್ಷಣ ಕಣ್ಣಿಗೆ ಕಟ್ಟುವುದು ಗುಡ್ಡೆ ಹಾಕಿದ ವಸ್ತು, ಸುಮ್ಮನೆ ಬಿದ್ದಿರುವಂಥದ್ದು. ಶಾಲೆಯಲ್ಲಿ ಹೇಳಿಕೊಟ್ಟ ವ್ಯಾಖ್ಯಾನವೂ ಅದೇ: ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ. ತಪ್ಪಲ್ಲ, ಆದರೆ ಅದರಿಂದ ಏನೂ ಹೊಳೆಯುವುದಿಲ್ಲ. ದ್ರವ್ಯರಾಶಿಯ ನಿಜವಾದ ಗುಣ ಮೊಂಡುತನ. ನಿಂತದ್ದನ್ನು ತಳ್ಳಿದರೆ 'ಹೊರಡಲಾರೆ' ಅನ್ನುತ್ತದೆ, ಹೊರಟದ್ದನ್ನು ಹಿಡಿದರೆ 'ನಿಲ್ಲಲಾರೆ' ಅನ್ನುತ್ತದೆ. ಆ ಹಠ ಎಷ್ಟು ಅನ್ನುವುದೇ ದ್ರವ್ಯರಾಶಿ. ತೂಕ ಅಂದರೆ ಭೂಮಿ ಅದನ್ನು ಎಷ್ಟು ಬಲದಿಂದ ಎಳೆಯುತ್ತಿದೆ ಅನ್ನುವುದು, ಅಷ್ಟೇ. ಚಂದ್ರನ ಮೇಲೆ ಆ ಎಳೆತ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ, ಹಠ ಮಾತ್ರ ಕೂದಲೆಳೆಯಷ್ಟೂ ಇಳಿಯುವುದಿಲ್ಲ.

ಇದು ಬರೀ ಪರೀಕ್ಷೆಯ ಪ್ರಶ್ನೆ ಅಂದುಕೊಂಡವರು ಬಾಹ್ಯಾಕಾಶ ನಿಲ್ದಾಣದೊಳಗೆ ಒಮ್ಮೆ ಇಣುಕಬೇಕು. ಅಲ್ಲಿ ತಿಂಗಳುಗಟ್ಟಲೆ ಇರುವವರ ಮೂಳೆ ಸವೆಯುತ್ತದೆ, ಸೊಂಟದ ಭಾಗದಲ್ಲಂತೂ ತಿಂಗಳಿಗೆ ಶೇಕಡಾ 1ರಷ್ಟು. ಸ್ನಾಯುವೂ ಕರಗುತ್ತದೆ. ಅವರ ಮೈ ಎಷ್ಟು ಇಳಿಯಿತು ಅಂತ ವೈದ್ಯರಿಗೆ ಗೊತ್ತಾಗಲೇಬೇಕು. ಆದರೆ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಅದು ಸೊನ್ನೆ ತೋರಿಸುತ್ತದೆ. ವೈದ್ಯರೂ ಗಗನಯಾತ್ರಿಯೂ ಆಗಿದ್ದ ವಿಲಿಯಂ ಥಾರ್ನ್‌ಟನ್ ಇದಕ್ಕೆ ಕಂಡುಕೊಂಡ ದಾರಿ ನೋಡಿ. ಸ್ಪ್ರಿಂಗ್ ಮೇಲೆ ಒಂದು ಕುರ್ಚಿ. ಮನುಷ್ಯ ಅದರಲ್ಲಿ ಮುದುಡಿ, ಬಿಗಿಯಾಗಿ ಕೂರಬೇಕು. ಕುರ್ಚಿಯನ್ನು ಒಂದಿಷ್ಟು ಎಳೆದು ಬಿಟ್ಟರೆ ಹಿಂದೆ ಮುಂದೆ ತೂಗುತ್ತದೆ. ಒಂದು ತೂಗಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸಿದರೆ ಸಾಕು. ದ್ರವ್ಯರಾಶಿ ನಾಲ್ಕು ಪಟ್ಟಾದರೆ ತೂಗುವ ಅವಧಿ ಎರಡು ಪಟ್ಟಾಗುತ್ತದೆ; ಸ್ಪ್ರಿಂಗಿಗೆ ಗುರುತ್ವ ಬೇಕಿಲ್ಲ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿ ಹೀಗೇ ಅಳೆದರು. ಈಗಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿರುವ ಇನ್ನೊಂದು ಯಂತ್ರ ಗೊತ್ತಿರುವ ಬಲದಿಂದ ಮನುಷ್ಯನನ್ನು ಮೆಲ್ಲಗೆ ಎಳೆದು, ಅವನ ವೇಗ ಎಷ್ಟು ಚುರುಕಾಗಿ ಏರಿತು ಅನ್ನುವುದರಿಂದ ಲೆಕ್ಕ ಹಾಕುತ್ತದೆ. ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಆ ನ್ಯೂಟನ್ ಸೂತ್ರವೇ ಅಲ್ಲಿ ವೈದ್ಯಕೀಯ ಉಪಕರಣವಾಗಿ ಕೂತಿದೆ. ನನಗೆ ಇದಕ್ಕಿಂತ ಸುಂದರವಾದದ್ದು ಇನ್ನೊಂದು ಕಾಣುವುದಿಲ್ಲ.

ಇಲ್ಲ, ಇನ್ನೊಂದಿದೆ. ಅದೇ ಕುರ್ಚಿಯನ್ನು ಕಣ್ಣಿಗೆ ಕಾಣದಷ್ಟು ಕುಗ್ಗಿಸಿದರೆ ಹೇಗೆ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಮನಾಲಿಸ್ ಅವರ ತಂಡ 2007ರಲ್ಲಿ ಪ್ರಕಟಿಸಿದ್ದು ಇದನ್ನೇ. ಸಿಲಿಕಾನ್‌ನಿಂದ ಮಾಡಿದ, ಒಂದು ತುದಿ ಮಾತ್ರ ಕಚ್ಚಿಕೊಂಡಿರುವ ಸಣ್ಣ ಪಟ್ಟಿ. ಅದರ ಹೊಟ್ಟೆಯೊಳಗೆ ಯು ಆಕಾರದ ಕಾಲುವೆ. ಪಟ್ಟಿ ಹೊರಗೆ ನಿರ್ವಾತದಲ್ಲಿ ಕಂಪಿಸುತ್ತಿರುತ್ತದೆ, ಒಳಗೆ ದ್ರವ ಹರಿಯುತ್ತಿರುತ್ತದೆ. ಆ ದ್ರವದಲ್ಲಿ ತೇಲಿಬರುವ ಒಂದು ಜೀವಕೋಶ ಪಟ್ಟಿಯ ತುದಿ ಮುಟ್ಟಿದ ಕ್ಷಣ, ಕಂಪನ ಒಂದು ಎಳೆಯಷ್ಟು ನಿಧಾನವಾಗುತ್ತದೆ. ಆ ಎಳೆಯೇ ಕೋಶದ ದ್ರವ್ಯರಾಶಿಯನ್ನು ಹೇಳುತ್ತದೆ, ಖಚಿತವಾಗಿ ಹೇಳುವುದಾದರೆ ಸುತ್ತಲಿನ ದ್ರವಕ್ಕಿಂತ ಅದು ಹೆಚ್ಚಿಗೆ ಹೊತ್ತಿರುವ ದ್ರವ್ಯರಾಶಿಯನ್ನು. ನಮ್ಮ ಮೈಯ ಸಾಧಾರಣ ಕೋಶ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಒಂದೆರಡು ಪಾಲಿನಷ್ಟು ಇರುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಇದನ್ನು ಯೋಚಿಸಿ. ಅದೇ ಕೋಶವನ್ನು ಮತ್ತೆ ಮತ್ತೆ ಹಾಯಿಸಿದರೆ ಅದು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಕ್ಯಾನ್ಸರ್ ಕೋಶಕ್ಕೆ ಔಷಧ ಹಾಕಿ, ಅದು ಸಾಯುವ ತನಕ ಕಾಯದೆ, ಕೆಲವೇ ಗಂಟೆಗಳಲ್ಲಿ ಅದರ ಬೆಳವಣಿಗೆ ಕುಂಟಿತೇ ಅಂತ ನೋಡಬಹುದು. ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ರೋಗಿಗಳಿಂದ ತೆಗೆದ ಕೋಶಗಳ ಮೇಲೆ ಇಂಥ ಪ್ರಯೋಗ ನಡೆದಿದೆ. ಯಾವ ಔಷಧ ಯಾರಿಗೆ ನಾಟುತ್ತದೆ ಅಂತ ರೋಗಿಯ ಮೇಲೆ ಪ್ರಯೋಗಿಸಿ ನೋಡುವ ಬದಲು ಕೋಶವನ್ನೇ ಅಲ್ಲಾಡಿಸಿ ಕೇಳುವುದು. ನಾನು ಕಾರ್ಖಾನೆಯ ಫ್ಯಾನಿನ ರೆಕ್ಕೆಗೆ ದೂಳು ಕಟ್ಟಿದೆಯೇ ಅಂತ ಕಂಪನ ನೋಡಿ ಹೇಳುತ್ತೇನೆ. ಆ ಪ್ರಯೋಗಾಲಯದವರದೂ ಅದೇ ಜಾತಿಯ ಕೆಲಸ.

ಅಣುಗಳನ್ನು ಅವುಗಳ ದ್ರವ್ಯರಾಶಿಯಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿಯೂ ಇದೇ ವಂಶದ್ದು. ಅಣುಗಳಿಗೆ ವಿದ್ಯುದಾವೇಶ ಕೊಟ್ಟು, ಎಲ್ಲಕ್ಕೂ ಒಂದೇ ತಳ್ಳು ಕೊಟ್ಟು ಓಡಿಸಿದರೆ ಹಗುರಾದವು ಮೊದಲು ಗುರಿ ಮುಟ್ಟುತ್ತವೆ. ಬ್ರಿಟಿಷ್ ಭೌತವಿಜ್ಞಾನಿ ಜೆ.ಜೆ. ಥಾಮ್ಸನ್ ಇಂಥದೇ ಉಪಾಯದಿಂದ, ಕಾಂತ ಮತ್ತು ವಿದ್ಯುತ್ ಕ್ಷೇತ್ರಗಳಲ್ಲಿ ಬಾಗಿಸಿ, ನಿಯಾನ್ ಅನಿಲದಲ್ಲಿ ಎರಡು ಬಗೆಯ ಪರಮಾಣು ಇರುವುದನ್ನು ಕಂಡರು. ಅವರ ಜೊತೆಗಿದ್ದ ಫ್ರಾನ್ಸಿಸ್ ಆಸ್ಟನ್ ಅದನ್ನು ಬೆಳೆಸಿ 1922ರಲ್ಲಿ ನೊಬೆಲ್ ಪಡೆದರು. ಇವತ್ತು ನವಜಾತ ಶಿಶುವಿನ ಹಿಮ್ಮಡಿಯಿಂದ ಕಾಗದಕ್ಕೆ ಒತ್ತಿಕೊಂಡ ನಾಲ್ಕಾರು ಹನಿ ರಕ್ತದಲ್ಲಿ ಹತ್ತಾರು ಚಯಾಪಚಯ ಕಾಯಿಲೆಗಳನ್ನು ಒಟ್ಟಿಗೇ ಪತ್ತೆಹಚ್ಚುವುದು ಇದೇ ಯಂತ್ರ. ಫೀನೈಲ್‌ಕೀಟೋನ್ಯೂರಿಯಾ ಎಂಬ ಅಂಥದೊಂದು ಕಾಯಿಲೆ ಇರುವ ಮಗುವನ್ನು ಮೊದಲ ವಾರಗಳಲ್ಲೇ ಗುರುತಿಸಿ ಆಹಾರ ಬದಲಿಸಿದರೆ ಅದರ ಮೆದುಳು ಉಳಿಯುತ್ತದೆ. ಎಲ್ಲಿಯ ನಿಯಾನ್, ಎಲ್ಲಿಯ ಮಗು!

ನನ್ನ ಕ್ಷೇತ್ರದಿಂದ ಒಂದು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. ತೈವಾನಿನ ತೈಪೆ 101 ಗೋಪುರದ 92ನೇ ಮಹಡಿಯಿಂದ 87ನೇ ಮಹಡಿಗೆ 660 ಟನ್ನಿನ ಉಕ್ಕಿನ ಗೋಳವೊಂದು ಇಳಿಬಿದ್ದಿದೆ. ಗಾಳಿಗೆ ಗೋಪುರ ಒಂದು ಕಡೆ ವಾಲಿದಾಗ ಗೋಳ ತನ್ನ ಮೊಂಡುತನದಿಂದ ಹಿಂದೆ ಉಳಿಯುತ್ತದೆ. ಆ ಹಿಂದುಳಿಯುವಿಕೆಯೇ ಅಲುಗಾಟ ತಗ್ಗಿಸುವ ಡ್ಯಾಂಪರ್‌ಗಳ ಮೂಲಕ ಕಟ್ಟಡದ ಓಲಾಟವನ್ನು ಹೀರುತ್ತದೆ. 2015ರ ಆಗಸ್ಟಿನಲ್ಲಿ ಸೌಡೆಲೋರ್ ಚಂಡಮಾರುತ ಬಡಿದಾಗ ಗೋಳ ತನ್ನ ಜಾಗದಿಂದ ಸುಮಾರು ಒಂದು ಮೀಟರ್ ಆಚೆ ತೂಗಿತು. ಹೀಗೆ ಹಿಂದುಳಿಯುವ ಭಾರ ನಮ್ಮ ಕಿವಿಯೊಳಗೂ ಇದೆ. ಒಳಗಿವಿಯ ಅಂಟಿನ ಪದರದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಟ್ಟ ಹರಳುಗಳು ಕೂತಿವೆ. ತಲೆ ಸರಿದರೆ ಅವು ಹಿಂದುಳಿಯುತ್ತವೆ, ಅಡಿಯಲ್ಲಿರುವ ರೋಮಕೋಶಗಳ ಎಳೆಗಳು ಬಾಗುತ್ತವೆ, 'ಚಲಿಸುತ್ತಿದ್ದೇವೆ' ಅಂತ ಮೆದುಳಿಗೆ ತಿಳಿಯುತ್ತದೆ. ಹರಳು ಜಾಗ ಬಿಟ್ಟು ಪಕ್ಕದ ಅರ್ಧವೃತ್ತ ನಾಳಕ್ಕೆ ಬಿದ್ದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಲೋಕವೆಲ್ಲ ಗಿರಗಿರ ತಿರುಗುತ್ತದೆ. ಇಲ್ಲಿ ಮಾತ್ರೆಗಿಂತ ಕೆಲಸಕ್ಕೆ ಬರುವುದು ವೈದ್ಯರು ತಲೆಯನ್ನು ಹಂತಹಂತವಾಗಿ ತಿರುಗಿಸಿ ಆ ಹರಳನ್ನು ಮನೆಗೆ ಮರಳಿಸುವುದು.

ಅಂದರೆ ಎಷ್ಟಿದೆ ಅನ್ನುವಷ್ಟೇ ಮುಖ್ಯ ಎಲ್ಲಿದೆ ಅನ್ನುವುದು. ಓಟಗಾರರ ಒಂದೊಂದು ಬೂಟಿಗೆ 100 ಗ್ರಾಂ ಸೇರಿಸಿದರೆ ಓಟಕ್ಕೆ ಬೇಕಾಗುವ ಶಕ್ತಿ ಸುಮಾರು ಶೇಕಡಾ 1ರಷ್ಟು ಏರುತ್ತದೆ. ಅದನ್ನೇ ಸೊಂಟಕ್ಕೆ ಕಟ್ಟಿಕೊಂಡರೆ ಅಷ್ಟು ಕಾಡುವುದಿಲ್ಲ, ಏಕೆಂದರೆ ಪಾದ ಪ್ರತಿ ಹೆಜ್ಜೆಗೂ ನಿಂತು ಹೊರಡಬೇಕು. ಕೃತಕ ಕಾಲು ಮಾಡುವವರು ಪಾದದ ತುದಿಯ ಗ್ರಾಂ ಗ್ರಾಮಿಗೂ ತಲೆಕೆಡಿಸಿಕೊಳ್ಳುವುದು ಅದಕ್ಕೇ.

ಈ ಕಾರಣಕ್ಕೇ ನನಗೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ್ದು) ಅನ್ನುವ ಅಂಕಿಯ ಮೇಲೆ ಸಿಟ್ಟು. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 1832ರಲ್ಲಿ ಹುಡುಕುತ್ತಿದ್ದುದು ಜನಸಮೂಹದ ಸರಾಸರಿ ಲಕ್ಷಣ. ಒಬ್ಬ ರೋಗಿಯ ಆರೋಗ್ಯವನ್ನಲ್ಲ. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಅದಕ್ಕೆ ಈಗಿನ ಹೆಸರಿಟ್ಟರು. ಸಮೂಹದ ಅಧ್ಯಯನಕ್ಕೆ ಅದು ಅಗ್ಗದ, ಉಪಯುಕ್ತ ಸಾಧನ, ಒಪ್ಪುತ್ತೇನೆ. ಆದರೆ ಎದುರಿಗೆ ಕೂತ ಒಬ್ಬ ಮನುಷ್ಯನ ಒಳಗೆ ಇರುವುದು ಸ್ನಾಯುವೋ ಕೊಬ್ಬೋ ನೀರೋ, ಕೊಬ್ಬಾದರೆ ಹೊಟ್ಟೆಯಲ್ಲೋ ತೊಡೆಯಲ್ಲೋ, ಅದು ಹೇಳುವುದಿಲ್ಲ. ಯಾವುದೇ ಎಂಜಿನಿಯರ್ ಒಂದು ವಿಮಾನದ ಒಟ್ಟು ತೂಕ ಮಾತ್ರ ಕೇಳಿ, ಭಾರಕೇಂದ್ರ ಎಲ್ಲಿ ಅಂತ ಕೇಳದೆ, ಹಾರಲು ಸಹಿ ಹಾಕುವುದಿಲ್ಲ. ಮನುಷ್ಯನಿಗೆ ಮಾತ್ರ ಒಂದೇ ಅಂಕಿಯಲ್ಲಿ ತೀರ್ಪು ಕೊಡುತ್ತೇವೆ.

ಹೃದ್ರೋಗ ಸಂಶೋಧಕರು ಇದರಲ್ಲಿ ಎಷ್ಟೋ ಮುಂದಿದ್ದಾರೆ. ಬಡಿಯುತ್ತಿರುವ ಹೃದಯವನ್ನು ತಕ್ಕಡಿಗೆ ಹಾಕಲಾಗದು. ಹಾಗಾಗಿ ಎಕೋದಲ್ಲಿ ಗೋಡೆಯ ದಪ್ಪ ಅಳೆದು, ಗಾತ್ರ ಲೆಕ್ಕ ಹಾಕಿ, ಸ್ನಾಯುವಿನ ಸಾಂದ್ರತೆಯಿಂದ ಗುಣಿಸಿ ಎಡ ಹೃತ್ಕುಕ್ಷಿಯ (ಮೈಗೆಲ್ಲ ರಕ್ತ ತಳ್ಳುವ ಕೋಣೆಯ) ದ್ರವ್ಯರಾಶಿ ಪಡೆಯುತ್ತಾರೆ. ಅದು ಹೆಚ್ಚಿದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆ, ಸಾವು ಹೆಚ್ಚು ಅಂತ, ಅಮೆರಿಕದ ಒಂದು ಊರಿನ ಜನರನ್ನು ದಶಕಗಳಿಂದ ಗಮನಿಸುತ್ತಿರುವ ಫ್ರೇಮಿಂಗ್‌ಹ್ಯಾಮ್ ಅಧ್ಯಯನ 1990ರಲ್ಲಿ ತೋರಿಸಿತು. ಆದರೆ ಆ ಸೂತ್ರದಲ್ಲಿ ಅಳತೆಗಳನ್ನು ಘನ ಮಾಡುತ್ತಾರೆ. ಅಳೆಯುವಾಗ ಮಿಲಿಮೀಟರ್ ತಪ್ಪಿದರೆ ಗ್ರಾಮಿನ ಲೆಕ್ಕದಲ್ಲಿ ಭಾರೀ ತಪ್ಪು. ಅಂಕಿಯ ಹಿಂದಿನ ಕೈ ಯಾರದ್ದು ಅನ್ನುವುದೂ ಮುಖ್ಯ.

(ಸ್ಕ್ಯಾನ್ ವರದಿಯಲ್ಲಿ 'ಮಾಸ್' ಅಂತ ಕಂಡು ಗಾಬರಿಯಾಗಿ ನನಗೆ ಫೋಟೋ ಕಳಿಸುವ ಗೆಳೆಯರಿಗೆ: ಆ ಮಾಸ್ ಬೇರೆ, ಅದು ಗಂಟು. ಅದನ್ನು ಅಳೆಯುವುದು ಸೆಂಟಿಮೀಟರಿನಲ್ಲಿ. ಅರ್ಥ ಹೇಳಬೇಕಾದವರು ನಿಮ್ಮ ವೈದ್ಯರು, ನಾನಲ್ಲ.)

ಇನ್ನು ಏಕಮಾನದ ವಿಷಯ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನ 41,000 ಅಡಿ ಎತ್ತರದಲ್ಲಿ ಹಾರುತ್ತಿದ್ದಾಗ ಇಂಧನ ಮುಗಿಯುತ್ತಾ ಬಂದು, ಒಂದಾದ ಮೇಲೊಂದು ಎರಡೂ ಎಂಜಿನ್ ನಿಂತು ಹೋದವು. ಬೇಕಿದ್ದದ್ದು 22,300 ಕಿಲೋಗ್ರಾಂ ಇಂಧನ. ಲೀಟರನ್ನು ಪರಿವರ್ತಿಸುವಾಗ, ಒಂದು ಲೀಟರಿಗೆ ಎಷ್ಟು ಕೆ.ಜಿ. ಅನ್ನುವ 0.80ರ ಬದಲು ಎಷ್ಟು ಪೌಂಡ್ ಅನ್ನುವ 1.77 ಹಾಕಿ ಗುಣಿಸಿದ್ದರು, ಹೊರಟಾಗ ಟ್ಯಾಂಕಿನಲ್ಲಿದ್ದದ್ದು ಅರ್ಧಕ್ಕಿಂತ ಕಡಿಮೆ. ಪೈಲಟ್‌ಗಳು ಗ್ಲೈಡರಿನಂತೆ ತೇಲಿಸಿ ಗಿಮ್ಲಿಯ ಹಳೇ ವಾಯುನೆಲೆಯಲ್ಲಿ ಇಳಿಸಿದರು, ಎಲ್ಲರೂ ಬದುಕಿದರು. ಮಕ್ಕಳ ವಾರ್ಡಿನಲ್ಲಿ ಇದೇ ತಪ್ಪಾದರೆ ತೇಲಿಸುವ ಪೈಲಟ್ ಇರುವುದಿಲ್ಲ. ಮಗುವಿನ ಔಷಧವನ್ನು ಕೆ.ಜಿ.ಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕುತ್ತಾರೆ. 22 ಪೌಂಡಿನ ಮಗುವನ್ನು 22 ಕೆ.ಜಿ. ಅಂತ ಬರೆದುಕೊಂಡರೆ ಎರಡು ಪಟ್ಟಿಗೂ ಮಿಕ್ಕಿದ ಔಷಧ ಆ ಪುಟ್ಟ ಮೈಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಮಕ್ಕಳನ್ನು ತೂಗುವ ಯಂತ್ರಕ್ಕೆ ಪೌಂಡ್ ತೋರಿಸುವ ಗುಂಡಿಯೇ ಇರಬಾರದು. ಇದರಲ್ಲಿ ರಾಜಿ ಬೇಡ.

ಅಪ್ಪನ ನೋಟ್‌ಬುಕ್ಕಿಗೆ ಬರುತ್ತೇನೆ. ಈ ವರ್ಷ ತಿಂಗಳುಗಟ್ಟಲೆ 64ರ ಆಸುಪಾಸೇ ಇತ್ತು, ಒಂದು ದಿನವೂ ಜಿಗಿಯಲಿಲ್ಲ. ನಾನು ನಿಶ್ಚಿಂತೆಯಿಂದಿದ್ದೆ. ತಪಾಸಣೆಗೆ ಹೋದಾಗ ವೈದ್ಯರು ಪುಟ ತಿರುವಿ ನೋಡಿದರು, ಆಮೇಲೆ ನೋಟ್‌ಬುಕ್ ಪಕ್ಕಕ್ಕಿಟ್ಟು ಅಪ್ಪನ ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಊಟ ಕಡಿಮೆಯಾಗಿ ತೊಡೆಯ ಸ್ನಾಯು ನಿಧಾನಕ್ಕೆ ಕರಗಿದೆ, ಆ ಜಾಗಕ್ಕೆ ಅಷ್ಟೇ ನೀರು ಬಂದು ಕೂತಿದೆ. ಹೋದದ್ದು ಬಂದದ್ದು ಸಮಸಮ, ಹಾಗಾಗಿ ಯಂತ್ರಕ್ಕೆ ಏನೂ ಗೊತ್ತಾಗಿಲ್ಲ. ಅದೇ 64, ಆದರೆ ಬೇರೆಯೇ ದೇಹ. ಗುರಿಯನ್ನು 62ಕ್ಕೆ ಇಳಿಸಿದರು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ವಾರಕ್ಕೊಮ್ಮೆ ನೋಡಿ ಅಂದರು. ಹದಿನೈದು ಸೆಕೆಂಡು ದಾಟಿದರೆ ಸ್ನಾಯುವಿನ ಬಲ ಕುಂದಿದೆ ಅಂತ ಅನುಮಾನ ಪಡಬೇಕಂತೆ.

ಈಗ ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಮೊದಲ ವಾರ 62.4 ಕೆ.ಜಿ., 21 ಸೆಕೆಂಡು. ಇವತ್ತು ಬೆಳಿಗ್ಗೆ 62.1, 17 ಸೆಕೆಂಡು. ನಾನು ಗಡಿಯಾರ ಹಿಡಿದು ನಿಂತಿದ್ದೆ. ಐದನೇ ಸಲ ಎದ್ದು ನಿಂತ ಅಪ್ಪ, ಕೂರುವ ಮೊದಲು "ಇನ್ನೊಂದು ಸಲ ಏಳಲಾ?" ಅಂತ ಕೇಳಿದರು.